ಸಹಾಯ ಬೇಕು: ಲ್ಯಾಪ್‌ಟಾಪಿನ ಧ್ವನಿಯನ್ನು ಮಿಕ್ಸರಿಗೆ ಕೊಡುವಾಗ ಬರುವ ಗುಂಯ್ ಸದ್ದು

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ಧ್ವನಿ ವ್ಯವಸ್ಥೆ ನೋಡಿಕೊಳ್ಳುವವನು ನಾನು. ಧ್ವನಿಮುದ್ರಿತ ಯಕ್ಷಗಾನ ಪದಗಳನ್ನು ಲ್ಯಾಪ್‌ಟಾಪಿನ 3.5 ಮಿ.ಮೀ. ಜ್ಯಾಕಿನಿಂದ 20 ಮೀಟರ್ ದೂರದ ಮಿಕ್ಸರಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಇನ್‌ಪುಟ್ಟಿಗೆ ಕೊಡಬೇಕಾಗಿದೆ.

ಮೊದಲು ಅಂಗಡಿಯ ಸಿದ್ಧ ಕೇಬಲ್ ಹಾಕಿದಾಗ ಚೆಂಡೆಯ ಸದ್ದು ತೆಳ್ಳಗೆ ಕೇಳಿಸಿತೇ ಹೊರತು ಭಾಗವತರ ಕಂಠವೇ ಇರಲಿಲ್ಲ. ಕನೆಕ್ಟರ್ ಬಿಚ್ಚಿ ನೋಡಿದರೆ ಎಡ ಚಾನೆಲ್ಲನ್ನು 2ನೆಯ ಪಿನ್ನಿಗೂ ಬಲ ಚಾನೆಲ್ಲನ್ನು 3ನೆಯ ಪಿನ್ನಿಗೂ ಬೆಸೆದಿದ್ದರು; ಬ್ಯಾಲೆನ್ಸ್ಡ್ ಇನ್‌ಪುಟ್ ಇವೆರಡರ ವ್ಯತ್ಯಾಸವನ್ನಷ್ಟೇ ಸ್ವೀಕರಿಸುವುದರಿಂದ, ಎರಡರಲ್ಲೂ ಸಮನಾಗಿದ್ದ ಕಂಠ ಪೂರ್ತಿ ಅಳಿಸಿಹೋಗಿತ್ತು. ಆಮೇಲೆ ಎಡ, ಬಲಕ್ಕೆ ಬೇರೆ ಬೇರೆ ಕೇಬಲ್ ಬೆಸೆದು, 1 ಮತ್ತು 3ನೆಯ ಪಿನ್ನುಗಳನ್ನು ನೆಲತಂತಿಗೆ ಸೇರಿಸಿದೆ. ಕಂಠ ಮರಳಿತು, ಬಹಳ ಸಂತೋಷವಾಯಿತು.

ಆದರೆ ಚಾರ್ಜರ್ ಚುಚ್ಚಿದ ಕೂಡಲೇ ಗುಂಯ್ ಎಂಬ ಸದ್ದು. ಬ್ಯಾಟರಿಯಲ್ಲಿ ಓಡಿಸಿದರೆ ನಿಶ್ಶಬ್ದ. ಇದು ಗ್ರೌಂಡ್ ಲೂಪ್, ಅಂದರೆ ಚಾರ್ಜರಿನ ಮತ್ತು ಮಿಕ್ಸರಿನ ಅರ್ಥ್ ಕೇಬಲ್ ಮೂಲಕ ಸೇರಿ ಆಗುವ ಸುತ್ತು, ಎಂದೇ ನನ್ನ ಎಣಿಕೆ. ಚಾರ್ಜರಿನ ಅರ್ಥ್ ಪಿನ್ ಕೀಳುವ ಸಲಹೆ ಅಪಾಯಕಾರಿಯಾದ್ದರಿಂದ ಅದನ್ನು ನಾನು ಒಪ್ಪುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಸ್ಟೀರಿಯೊ ಡಿಐ ಬಾಕ್ಸ್ (ಲ್ಯಾಪ್‌ಟಾಪಿನ ಧ್ವನಿಯನ್ನು ಬ್ಯಾಲೆನ್ಸ್ಡ್ ಆಗಿ ಬದಲಿಸಿ ಮಿಕ್ಸರಿಗೆ ಕೊಡುವ ಪೆಟ್ಟಿಗೆ) ಸಾಕೇ, ಅಥವಾ ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್) ಕೊಳ್ಳುವುದು ಮೇಲೇ? ಎರಡನ್ನೂ ಬಳಸಿದವರು, ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕೆಂಬುದನ್ನೂ ದಯವಿಟ್ಟು ತಿಳಿಸಿ.