ಜನರೇಟರ್ ಓಡುತ್ತಿದ್ದರೂ ಯುಪಿಎಸ್ ಬ್ಯಾಟರಿ ಬಿಡುತ್ತಿಲ್ಲ (50 ವ್ಯಾಟ್ ಎಫ್‌ಎಂ)

ಘಟ್ಟದಂಚು: ನಮ್ಮದು ಮಲೆನಾಡಿನ ಸಣ್ಣ ಸಮುದಾಯ ರೇಡಿಯೊ. 50 ವ್ಯಾಟ್ ಟ್ರಾನ್ಸ್‌ಮಿಟರ್, 2 ಕೆವಿಎ ಆನ್‌ಲೈನ್ ಯುಪಿಎಸ್, 5 ಕೆವಿಎ ಸಿಂಗಲ್ ಫೇಸ್ ಡೀಸೆಲ್ ಜನರೇಟರ್. ಮಳೆಗಾಲದ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಜನರೇಟರ್ ಹಾಕಿದ ಮೇಲೂ ಯುಪಿಎಸ್ ಬೀಪ್ ಹೊಡೆಯುತ್ತಾ ಆಗಾಗ ಬ್ಯಾಟರಿಗೆ ಹೋಗುತ್ತದೆ. ಕೊನೆಗೆ ಬ್ಯಾಟರಿ ಖಾಲಿಯಾಗಿ ಪ್ರಸಾರವೇ ನಿಲ್ಲುತ್ತದೆ. ಸರ್ವಿಸ್‌ನವರು ಯುಪಿಎಸ್ ಸರಿ ಇದೆ ಅಂತಾರೆ. ಹೊಸದು ತಗೋಬೇಕಾ?

ತಂತಿತಿಮ್ಮ: ಮಧ್ಯೆ ಒಂದು ಸರ್ವೋ ಸ್ಟೆಬಿಲೈಜರ್ ಹಾಕಿ ನೋಡಿ.

ಹಳೇ ಆಂಟೆನಾ: ಬೇಡ ಮಾರಾಯ್ರೇ. ಸರ್ವೋದಲ್ಲಿ ಮೋಟರ್ ತಿರುಗಿ ವೋಲ್ಟೇಜ್ ಸರಿ ಮಾಡುವಷ್ಟರಲ್ಲಿ ಕುಸಿತ ಮುಗಿದಿರುತ್ತದೆ. ಫ್ರೀಕ್ವೆನ್ಸಿಯನ್ನಂತೂ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಹರ್ಟ್ಜ್ ಲೆಕ್ಕ) ಅದು ಮುಟ್ಟುವುದೇ ಇಲ್ಲ. ಅದೇ ಜನರೇಟರ್ ಮೇಲೆ ಎಸಿ (ಏರ್ ಕಂಡೀಷನರ್) ಇದೆಯಾ? ಯುಪಿಎಸ್ ಇನ್‌ಪುಟ್‌ನಲ್ಲಿ ವೋಲ್ಟೇಜ್, ಹರ್ಟ್ಜ್ ಎರಡೂ ಅಳೆಯಿರಿ. ಎಸಿ ಆಫ್ ಇದ್ದಾಗ, ಕಂಪ್ರೆಸರ್ ಹತ್ತುವಾಗ, ಓಡುವಾಗ.

ಘಟ್ಟದಂಚು: ಒಂದೂವರೆ ಟನ್ ಎಸಿ ಇದೆ ಸರ್. ಆಫ್ ಇದ್ದಾಗ 231 ವೋಲ್ಟ್, 52.3 ಹರ್ಟ್ಜ್. ಹತ್ತುವಾಗ 170ಕ್ಕೆ ಬೀಳುತ್ತದೆ, ಹರ್ಟ್ಜ್ 47ರ ಹತ್ತಿರ. ಓಡುವಾಗ 224, 50.8.

ಹಳೇ ಆಂಟೆನಾ: ಹಾಗಾದರೆ ಯುಪಿಎಸ್‌ದು ತಪ್ಪಿಲ್ಲ. ಅದರ ಸೆಟ್ಟಿಂಗ್‌ನಲ್ಲಿ ಫ್ರೀಕ್ವೆನ್ಸಿ ವಿಂಡೋ ನೋಡಿ, ಈಗ ±1 ಹರ್ಟ್ಜ್ ಇದ್ದಿರಬೇಕು. ಅಂದರೆ 50ರ ಆಚೀಚೆ ಒಂದು, 49ರಿಂದ 51 ಮಾತ್ರ ಅದಕ್ಕೆ ಸರಿ. ಸಣ್ಣ ಜನರೇಟರ್‌ಗಳ ಮೆಕ್ಯಾನಿಕಲ್ ಗವರ್ನರ್ (ಎಂಜಿನ್ ಸ್ಪೀಡ್ ಹಿಡಿದಿಡುವ ಭಾಗ) ಲೋಡ್ ಇಲ್ಲದಾಗ ಸ್ಪೀಡ್ ಏರಿಸಿ, ಲೋಡ್ ಬಿದ್ದಾಗ ಇಳಿಸುತ್ತದೆ. ಅದು ಅದರ ಸ್ವಭಾವ. ನಿಮ್ಮಲ್ಲಿ ಎಸಿ ನಿಂತಾಗ 52.3, ಯುಪಿಎಸ್ ಒಪ್ಪುವುದಿಲ್ಲ. ಎಸಿ ಹತ್ತುವಾಗ ವೋಲ್ಟೇಜೇ ಕುಸಿಯುತ್ತದೆ, ಆಗಲೂ ಒಪ್ಪುವುದಿಲ್ಲ. ಎಸಿ ಓಡುವಾಗ ಮಾತ್ರ ಸುಮ್ನಿರುತ್ತದೆ. ಅಷ್ಟರಲ್ಲಿ ಬ್ಯಾಟರಿ ತುಂಬುವುದು ಎಲ್ಲಿ ಬಂತು?

ವಿಂಡೋ ±3 ಮಾಡಿ. ಆನ್‌ಲೈನ್ ಯುಪಿಎಸ್ ಬಂದ ಕರೆಂಟನ್ನು ಡಿಸಿ ಮಾಡಿ ಮತ್ತೆ ಎಸಿ ಕರೆಂಟ್ ಮಾಡುತ್ತದೆ, ಹಾಗಾಗಿ ಒಳಬರುವ ಹರ್ಟ್ಜ್ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ನಿಮ್ಮ ಟ್ರಾನ್ಸ್‌ಮಿಟರ್ ಒಳಗಿರುವ ಎಸ್‌ಎಂಪಿಎಸ್‌ (ಪವರ್ ಸಪ್ಲೈ) ಗೂ 53 ಹರ್ಟ್ಜ್ ದೊಡ್ಡ ವಿಷಯವಲ್ಲ. ಜತೆಗೆ ಮೆಕ್ಯಾನಿಕ್ ಹತ್ತಿರ ಜನರೇಟರನ್ನು ಖಾಲಿ ಲೋಡ್‌ನಲ್ಲಿ 51.5 ಹರ್ಟ್ಜ್ ಆಸುಪಾಸು ಇಡಿಸಿ.

ಎಸಿ ಲೆಕ್ಕವನ್ನೂ ನೋಡಿ. ಓಡುವಾಗ 7-8 ಆಂಪಿಯರ್, ಹತ್ತುವಾಗ ಐದಾರು ಪಟ್ಟು. 5 ಕೆವಿಎ ಜನರೇಟರ್ ಕೊಡುವುದೇ ಸುಮಾರು 22 ಆಂಪಿಯರ್. ಬದಲಿಸುವಾಗ ಇನ್ವರ್ಟರ್ ಎಸಿ ತಗೊಳ್ಳಿ, ಅದು ನಿಧಾನಕ್ಕೆ ಹತ್ತುತ್ತದೆ. ಅಲ್ಲಿವರೆಗೆ ಜನರೇಟರ್ ಓಡುವಾಗ ಎಸಿ ಬಂದ್ ಮಾಡಿ, ಎಕ್ಸಾಸ್ಟ್ ಫ್ಯಾನ್ ಸಾಕು. 50 ವ್ಯಾಟ್ ಸ್ಟೇಷನ್‌ನಲ್ಲಿ ಎಸಿ ಬೇಕಿರುವುದು ಟ್ರಾನ್ಸ್‌ಮಿಟರ್‌ಗಿಂತ ಜಾಸ್ತಿ ಬ್ಯಾಟರಿಗೆ. 25 ಡಿಗ್ರಿ ದಾಟಿ ಇನ್ನೊಂದು ಹತ್ತು ಏರಿದರೆ ಸೀಲ್ಡ್ ಬ್ಯಾಟರಿ ಆಯುಸ್ಸು ಹೆಚ್ಚುಕಡಿಮೆ ಅರ್ಧ. ಆದರೆ ಕರೆಂಟ್ ಹೋದ ಒಂದೆರಡು ಗಂಟೆಗೆಲ್ಲ ಏನೂ ಆಗಲ್ಲ.

ಘಟ್ಟದಂಚು: ವಿಂಡೋ ±1 ಇತ್ತು. ±3 ಮಾಡಿ, ಎಸಿ ಬಂದ್ ಇಟ್ಟ ಮೇಲೆ ನಿನ್ನೆ ಸಂಜೆಯೆಲ್ಲ ಜನರೇಟರ್ ಮೇಲೇ ಪ್ರಸಾರ ನಡೆಯಿತು. ಒಂದೇ ಡೌಟು. ಜನರೇಟರ್ ಓಡುವಾಗ ಮಾತ್ರ ಯುಪಿಎಸ್‌ನಲ್ಲಿ 'ಸೈಟ್ ವೈರಿಂಗ್ ಫಾಲ್ಟ್' ದೀಪ ಹತ್ತುತ್ತದೆ.

ಹಳೇ ಆಂಟೆನಾ: ಜನರೇಟರ್ ನ್ಯೂಟ್ರಲ್ ಅರ್ಥ್ ಆಗಿಲ್ಲ (ನೆಲಕ್ಕೆ ಜೋಡಿಸಿಲ್ಲ) ಅನಿಸುತ್ತದೆ. ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಅಳೆಯಿರಿ, ಒಂದೆರಡು ವೋಲ್ಟ್ ಬದಲು ನೂರರ ಹತ್ತಿರ ತೋರಿಸಬಹುದು. ಮೊದಲು ಚೇಂಜ್‌ಓವರ್ (ಲೈನ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್) ನೋಡಿ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವಂಥದ್ದಾದರೆ ಜನರೇಟರ್ ಹತ್ತಿರ ನ್ಯೂಟ್ರಲ್ ಅನ್ನು ಅರ್ಥಿಗೆ ಸೇರಿಸಬೇಕು. ಫೇಸ್ ಮಾತ್ರ ಬದಲಿಸುವುದಾದರೆ ಸೇರಿಸಬೇಡಿ, ಚೇಂಜ್‌ಓವರನ್ನೇ ಟೂ ಪೋಲ್ ಮಾಡಿಸಿ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಮಾಸ್ಟ್‌ನ (ಆಂಟೆನಾ ಕಂಬದ) ಅರ್ಥ್, ಕೋಆಕ್ಸ್ (ಆಂಟೆನಾ ಕೇಬಲ್) ಒಳಬರುವ ಕಡೆಯ ಅರ್ಥ್, ಪ್ಯಾನೆಲ್ ಅರ್ಥ್ ಮೂರೂ ಒಂದಕ್ಕೊಂದು ಸೇರಿವೆಯಾ ಅಂತ ಅದೇ ದಿನ ನೋಡಿಸಿಬಿಡಿ.