ಅಪ್‌ಡೇಟ್: ವಾಕಿಂಗ್ ನಾಲ್ಕನೇ ದಿನಕ್ಕೆ ನಿಲ್ಲುವ ಪ್ರಶ್ನೆ
ಮನಸ್ಸಿದ್ದರೂ ವಾಕಿಂಗ್ ಯಾಕೆ ನಿಲ್ಲುತ್ತದೆ ಎಂದು ಕೇಳಿದ್ದೆ. ಉತ್ತರಗಳಲ್ಲಿ ಕೆಲಸಕ್ಕೆ ಬಂದದ್ದು ಇಷ್ಟು.

'ನಾಳೆಯಿಂದ ಶುರು' ಅನ್ನುವುದು ಆಸೆ ಅಷ್ಟೇ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅವರ 'ಹೀಗಾದರೆ ಹೀಗೆ' ಸೂತ್ರದಲ್ಲಿ ಬರೆದಿಡಬೇಕು: 'ಕಾಫಿ ಲೋಟ ತೊಳೆದಿಟ್ಟ ಕೂಡಲೇ ಶೂ ಹಾಕಿ ಮಹಾರಾಜ ಪಾರ್ಕಿಗೆ, 10 ನಿಮಿಷ.' ಗಡಿಯಾರಕ್ಕಿಂತ ಲೋಟ ಗಟ್ಟಿ ಗುರುತು. ಆರು ಗಂಟೆ ನಿದ್ದೆಯಲ್ಲೇ ದಾಟಿಹೋಗುತ್ತದೆ, ಕಾಫಿ ತಪ್ಪುವುದಿಲ್ಲ (ಹಾಸನದಲ್ಲಂತೂ!). ಜಡಿಮಳೆಗೂ ಮೊದಲೇ ಒಂದು ಸಾಲು ಬೇಕು: 'ಮಳೆ ಹಿಡಿದರೆ ಮನೆಯ ಮೆಟ್ಟಿಲು 10 ಸಲ.' ಈ ಸಾಲಿಲ್ಲದೆಯೇ ಜುಲೈನಲ್ಲಿ ಎಲ್ಲ ಕೆಡುವುದು.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುವ ಲೆಕ್ಕ ಬಿಡಿ. 2010ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನದಲ್ಲಿ ಅಭ್ಯಾಸ ಕೂರಲು ಸುಮಾರು 66 ದಿನ ಹಿಡಿಯಿತು. ಜನರ ನಡುವೆ ವ್ಯತ್ಯಾಸವೂ ದೊಡ್ಡದೇ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಟ್ಟಿರಲಿಲ್ಲ.