ಕೆಂಪು ಕೂದಲಿನ ಮದುಮಗಳಿಗೆ ನಮ್ಮ ಬೇಸಿಗೆಯಲ್ಲಿ ಅಲಂಕಾರ ಹೇಗೆ?

ಪ್ರಶ್ನೆ (ಕುಂಬಳೆಯ ಒಬ್ಬ ತಾಯಿ):
ಮೇಡಂ, ನನ್ನ ಮಗ ಸ್ಕಾಟ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಮದುವೆಯಾಗುವ ಹುಡುಗಿಯೂ ಅಲ್ಲಿಯವಳೇ. ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೊಂಬಿನ ಬಣ್ಣದ ಕೂದಲು, ಹಾಲಿನಂತಹ ಮೈಬಣ್ಣ, ಮೂಗು ಕೆನ್ನೆಗಳ ತುಂಬ ಕಂದು ಚುಕ್ಕೆಗಳು. ಏಪ್ರಿಲ್ ಕೊನೆಯಲ್ಲಿ ನಮ್ಮ ಮನೆಯಂಗಳದಲ್ಲೇ ಚಪ್ಪರ ಹಾಕಿ ಮದುವೆ. ಲಿಂಬೆರಸದಲ್ಲಿ ಅರಿಶಿನ ಕಲಸಿ ಹಚ್ಚಿದರೆ ಚುಕ್ಕೆ ಹೋಗುತ್ತದೆ ಎಂದು ನಾದಿನಿ ಹೇಳುತ್ತಾಳೆ. ಕೂದಲಿಗೆ ಕಪ್ಪು ಬಣ್ಣ ಹಾಕಿಸಿ ಎಂದವರೂ ಇದ್ದಾರೆ. ನನಗೆ ಯಾವುದೂ ತೋಚುತ್ತಿಲ್ಲ. ಅವಳಿಗೆ ನೋವಾಗಬಾರದು, ಅಷ್ಟೆ.

ಉತ್ತರ (ಕಾಸರಗೋಡಿನ ಬ್ಯೂಟಿಷಿಯನ್, 19 ವರ್ಷಗಳಿಂದ ಮದುಮಗಳ ಅಲಂಕಾರ):
ಅಕ್ಕ, ಲಿಂಬೆಹಣ್ಣನ್ನು ಅವಳ ಮುಖದ ಹತ್ತಿರಕ್ಕೂ ತರಬೇಡಿ. ಲಿಂಬೆರಸ ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳುವುದುಂಟು. ಗುಳ್ಳೆ ಆರಿದ ಮೇಲೂ ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಇದು ನಮ್ಮ ಚರ್ಮಕ್ಕೂ ಆಗುವಂಥದ್ದೇ, ಅವಳದಂತೂ ಇನ್ನೂ ಸೂಕ್ಷ್ಮ.

ನಾವು ಇಲ್ಲಿ ‘ಹುಡುಗಿ ಬೆಳ್ಳಗಿದ್ದಾಳೆ’ ಎನ್ನುವ ಬಿಳುಪಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮವರಲ್ಲಿ ಎಷ್ಟು ಬೆಳ್ಳಗಿದ್ದರೂ ಯೂಮೆಲನಿನ್ ಎಂಬ ಕಪ್ಪು-ಕಂದು ವರ್ಣದ್ರವ್ಯ ಸಾಕಷ್ಟು ಇರುತ್ತದೆ, ಒಳಗಿನಿಂದಲೇ ಕೊಡೆ ಹಿಡಿದ ಹಾಗೆ. ಕೆಂಪು ಕೂದಲಿನವರಲ್ಲಿ ಎಂಸಿ1ಆರ್ ಎಂಬ ಜೀನ್ ಬೇರೆ ರೀತಿಯಲ್ಲಿರುವುದರಿಂದ ಫಿಯೋಮೆಲನಿನ್ ಎಂಬ ಕೆಂಪು-ಹಳದಿ ವರ್ಣದ್ರವ್ಯವೇ ಹೆಚ್ಚು. ಅದು ಬಿಸಿಲನ್ನು ಸರಿಯಾಗಿ ತಡೆಯುವುದಿಲ್ಲ. ಬಿಸಿಲಿಗೆ ನಾವು ಕಪ್ಪಾಗುತ್ತೇವೆ, ಅವರು ಸುಡುತ್ತಾರೆ. ಚರ್ಮದ ಕ್ಯಾನ್ಸರಿನ ಅಪಾಯವೂ ಅವರಿಗೆ ಹೆಚ್ಚು. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ನೇರಳಾತೀತ ಸೂಚ್ಯಂಕ, ಅಂದರೆ ಬಿಸಿಲು ಚರ್ಮವನ್ನು ಸುಡುವ ಶಕ್ತಿಯ ಅಳತೆ, 11 ದಾಟುತ್ತದೆ. ಅಂತಹ ಬಿಸಿಲನ್ನು ಅವಳ ಊರು ನಡುಬೇಸಿಗೆಯಲ್ಲೂ ಕಾಣುವುದಿಲ್ಲ. ಆದ್ದರಿಂದ ಮೇಕಪ್ಪಿಗಿಂತ ಮೊದಲು ಸನ್‌ಸ್ಕ್ರೀನ್.

ಎಸ್‌ಪಿಎಫ್ 50 ಇರುವ, ಬೆವರಿಗೆ ಹೋಗದಂಥದ್ದು ಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಸರಿಯಾಗುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಎಲ್ಲರೂ ಮರೆಯುವ ಜಾಗಗಳನ್ನು ನೆನಪಿಡಿ: ರವಿಕೆಯ ಬೆನ್ನಿನ ಕಿಟಕಿ, ಸೊಂಟ, ಕಿವಿ, ಬೈತಲೆ, ಪಾದದ ಮೇಲ್ಭಾಗ. ಮದುವೆಗೆ ಮೊದಲು ಬೇಕಲ ಕೋಟೆಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಮೋಡವಿದೆ ಎಂದು ಸನ್‌ಸ್ಕ್ರೀನ್ ಬಿಡಬೇಡಿ. ತೆಂಗಿನೆಣ್ಣೆ ರಾತ್ರಿ ಹಚ್ಚಿಕೊಳ್ಳಲಿ, ಅದು ಬಿಸಿಲನ್ನು ತಡೆಯುವ ವಸ್ತುವಲ್ಲ.

ಇನ್ನು ಮೇಕಪ್. ಚುಕ್ಕೆಗಳನ್ನು ಮುಚ್ಚಲು ಹೋಗುವುದು ಬೇಡ, ಹಾಗೆಯೇ ಇರಲಿ. ಮೂರು ವರ್ಷಗಳ ಹಿಂದೆ ಇಂಥದೇ ಮೈಬಣ್ಣದ ಐರ್ಲೆಂಡಿನ ಹುಡುಗಿಯೊಬ್ಬಳು ನನ್ನಲ್ಲಿಗೆ ಬಂದಿದ್ದಳು. ಪೆಟ್ಟಿಗೆಯಲ್ಲಿದ್ದ ಅತಿ ತಿಳಿಯಾದ ಫೌಂಡೇಶನ್ನಿನಿಂದ ಅವಳ ದವಡೆಯ ಮೇಲೆ ಒಂದು ಗೆರೆ ಎಳೆದೆ. ಸುಣ್ಣದ ಗೋಡೆಗೆ ಜೇಡಿಮಣ್ಣು ಮೆತ್ತಿದ ಹಾಗೆ ಎದ್ದು ಕಂಡಿತು. ನಮ್ಮ ಅಂಗಡಿಗಳಲ್ಲಿ ಸಿಗುವವು ಹೆಚ್ಚಾಗಿ ಹಳದಿ ಛಾಯೆಯವು, ಅಂಥವರಿಗೆ ಬೇಕಾದದ್ದು ನಸುಗುಲಾಬಿ ಛಾಯೆ. ಆದ್ದರಿಂದ ಫೌಂಡೇಶನ್, ಕನ್ಸೀಲರ್ ಎರಡನ್ನೂ ಅವಳು ಊರಿನಿಂದಲೇ ತರಲಿ.

ಆ ದಿನ ಇನ್ನೊಂದನ್ನೂ ಕಂಡೆ. ಅವಳಿಗೆ ರೆಪ್ಪೆಗೂದಲೇ ಇಲ್ಲವೇನೋ ಎಂದುಕೊಂಡಿದ್ದೆ. ಕಿಟಕಿಯ ಹತ್ತಿರ ಕೂರಿಸಿದಾಗ ನೋಡಿದರೆ ಉದ್ದನೆಯ ರೆಪ್ಪೆಗಳು, ತುದಿಯೆಲ್ಲ ಜರಿಯ ಎಳೆಯ ಹಾಗೆ ಬಂಗಾರದ ಬಣ್ಣ. ಕಂದು ಮಸ್ಕಾರ ಒಂದೇ ಸಲ ಹಚ್ಚಿದೆ, ಕಣ್ಣು ತೆರೆದುಕೊಂಡಿತು. ಅಂಥ ಕಣ್ಣಿಗೆ ನಮ್ಮ ಕಪ್ಪು ಕಾಡಿಗೆ ದಪ್ಪಗೆ ಎಳೆದರೆ ಮುಖದಲ್ಲಿ ಬೇರೇನೂ ಉಳಿಯುವುದಿಲ್ಲ. ಹುಬ್ಬಿಗೂ ಕಪ್ಪು ಪೆನ್ಸಿಲ್ ಬೇಡ, ಕೂದಲಿಗಿಂತ ಒಂದು ಛಾಯೆ ಮಂದವಾದ ಕಂದು ಸಾಕು. ತುಟಿಗೆ ಹೆಂಚಿನ ಕೆಂಪು ಚೆನ್ನಾಗಿ ಒಪ್ಪುತ್ತದೆ.

ಕೂದಲಿಗೆ ಕಪ್ಪು ಬಣ್ಣ ಖಂಡಿತ ಬೇಡ. ಜಡೆಗೆ ಚವರಿ ಸೇರಿಸುವ ಯೋಚನೆಯನ್ನೂ ಬಿಡಿ, ಕಪ್ಪು ಚವರಿ ಆ ಕೂದಲಿನೊಳಗೆ ಎದ್ದು ಕಾಣುತ್ತದೆ. ತುರುಬು ಕಟ್ಟಿ ಸುತ್ತಲೂ ಮಲ್ಲಿಗೆ ಮುಡಿಸೋಣ. ತಾಮ್ರದ ಬಣ್ಣದ ಮೇಲೆ ಮಲ್ಲಿಗೆ ಕಾಣುವ ಚಂದ ಕಪ್ಪು ಕೂದಲಿನ ಮೇಲೂ ಇಲ್ಲ ಎಂದು ನನ್ನ ಅನಿಸಿಕೆ.

ಪ್ರಶ್ನೆ (ಬದಿಯಡ್ಕದಿಂದ):
ಚುಕ್ಕೆಗಳನ್ನು ಮುಚ್ಚದಿದ್ದರೆ ಫೋಟೋದಲ್ಲಿ ಮುಖ ಕೊಳೆಯಾದಂತೆ ಕಾಣುವುದಿಲ್ಲವೇ?

ಉತ್ತರ:
ಇಲ್ಲ. ಮುಚ್ಚಬೇಕಾದರೆ ಫೌಂಡೇಶನ್ ಎಷ್ಟು ದಪ್ಪ ಬಳಿಯಬೇಕು ಯೋಚಿಸಿ. ಬೆವರಿದಾಗ ಅದು ಒಡೆಯುತ್ತದೆ, ನಡುನಡುವೆ ಚುಕ್ಕೆ ಇಣುಕುತ್ತದೆ, ಆಗಲೇ ಕೊಳೆ ಎನಿಸುವುದು. ಅವು ರೋಗವಲ್ಲ, ಬಿಸಿಲಿಗೆ ಗಾಢವಾಗಿ ಚಳಿಗಾಲದಲ್ಲಿ ಮಾಸುವ ಹುಟ್ಟುಗುಣ. ಯಾವುದಾದರೂ ಒಂದು ಮಚ್ಚೆ ಬೆಳೆಯುತ್ತಿದ್ದರೆ, ಬಣ್ಣ ಬದಲಿಸಿದರೆ, ರಕ್ತ ಒಸರಿದರೆ ಮಾತ್ರ ಚರ್ಮವೈದ್ಯರಿಗೆ ತೋರಿಸಬೇಕು. ಬಿಳಿ ಮಾಡುತ್ತೇವೆ ಎನ್ನುವ, ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ಚರ್ಮ ತೆಳುವಾಗಿ ನರಗಳು ಕಾಣತೊಡಗಿದ ಹುಡುಗಿಯರು ನನ್ನ ಕುರ್ಚಿಯಲ್ಲಿ ಕುಳಿತು ಅತ್ತಿದ್ದಾರೆ.

ಮುಚ್ಚಬೇಕಾದದ್ದು ಬೇರೆ ಇದೆ. ಹೋಮದ ಕಾವಿಗೆ ಅವಳ ಮೂಗು, ಕೆನ್ನೆ ಕೆಂಪೇರುತ್ತವೆ. ಅಲ್ಲಿಗಷ್ಟೇ ಹಸಿರು ಕರೆಕ್ಟರನ್ನು ತೆಳುವಾಗಿ ಒತ್ತಿ, ಮೇಲೆ ಫೌಂಡೇಶನ್ ತಟ್ಟಿದರೆ ಸಾಕು. ಕೆಲವು ಸನ್‌ಸ್ಕ್ರೀನುಗಳು ಫ್ಲ್ಯಾಶ್ ಬೆಳಕಿಗೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತವೆ. ಮೊದಲೇ ಹಚ್ಚಿ ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ.

ಪ್ರಶ್ನೆ (ಕುಂಬಳೆಯ ತಾಯಿ):
ಮದರಂಗಿ, ಅರಿಶಿನ, ಬೊಟ್ಟು? ಇವನ್ನು ಬಿಡಲು ಮನಸ್ಸಾಗುವುದಿಲ್ಲ.

ಉತ್ತರ:
ಬಿಡುವುದೇಕೆ ಅಕ್ಕ? ಮನೆಯ ಗಿಡದ ಮದರಂಗಿ ಅರೆದು ಹಚ್ಚಿ. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಎಂದು ಮಾರುವ ಕಪ್ಪು ಮೆಹಂದಿ ಬೇಡ. ಅದಕ್ಕೆ ಕೂದಲ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಚಿತ್ರ ಬಿಡಿಸಿದಲ್ಲೆಲ್ಲ ಬೊಕ್ಕೆ ಏಳಬಹುದು.

ಅರಿಶಿನದ ಶಾಸ್ತ್ರವನ್ನು ಎರಡು ದಿನ ಮೊದಲು ಮಾಡಿ. ನಮ್ಮ ಮೈಮೇಲೆ ಅದು ಹೊಳಪು, ಅವಳ ಮೈಮೇಲೆ ಹಳದಿ ಕಲೆ. ಮೊದಲು ಎಣ್ಣೆ ಸವರಿ, ಶಾಸ್ತ್ರಕ್ಕೆ ಬೇಕಾದಷ್ಟೇ ಹಚ್ಚಿ ತೊಳೆಯಿರಿ. ಸ್ಟಿಕ್ಕರ್ ಬೊಟ್ಟಿನ ಅಂಟು ಕೆಲವರಿಗೆ ತುರಿಕೆ ತರುತ್ತದೆ, ಆ ಜಾಗ ಬಿಳಿಚಿಕೊಳ್ಳುವುದೂ ಉಂಟು. ಒಂದು ದಿನದ ಮಟ್ಟಿಗೆ ಅರಿಶಿನದಿಂದ ಮಾಡಿದ ಕುಂಕುಮವೇ ಒಳ್ಳೆಯದು. ಆದರೆ ಏನನ್ನೇ ಹಚ್ಚುವುದಿದ್ದರೂ ಮೊಣಕೈ ಒಳಮಡಿಕೆಯಲ್ಲಿ ಚೂರು ಹಚ್ಚಿ ಎರಡು ದಿನ ಕಾದು ನೋಡಿ. ಹಾಗಾಗಿ ಅವಳು ಒಂದು ವಾರ ಮುಂಚೆ ಬಂದರೆ ಉಪಕಾರ.

ಪ್ರಶ್ನೆ (ಕುಂಬಳೆಯ ತಾಯಿ):
ಹತ್ತು ದಿನ ಮೊದಲೇ ಬರುತ್ತಾಳೆ. ಚುಕ್ಕೆ ಮುಚ್ಚುವುದಿಲ್ಲ ಎಂದು ಈಗಲೇ ಫೋನಿನಲ್ಲಿ ಹೇಳಿದೆ, ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಮುಹೂರ್ತ 11.40ಕ್ಕೆ.

ಉತ್ತರ:
ಹಾಗಾದರೆ ಏಳು ಗಂಟೆಗೆ ಕೂರಿಸೋಣ. ಸನ್‌ಸ್ಕ್ರೀನ್ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟ ಮೇಲೆಯೇ ಫೌಂಡೇಶನ್ ಮುಟ್ಟುವುದು. ಚಪ್ಪರಕ್ಕೆ ಸೋಗೆ ಎರಡು ಪದರ ಹಾಕಿಸಿ. ಊಟದ ಹೊತ್ತಿಗೆ ಪಡುವಣ ಬದಿಯಿಂದ ಬಿಸಿಲು ಒಳಗೆ ಬರುತ್ತದೆ, ಆ ಕಡೆಗೆ ಬಟ್ಟೆ ಕಟ್ಟಿಸಲು ಮರೆಯಬೇಡಿ.